ಅತ್ತೆಯ ದರ್ಬಾರನ್ನು ಒಣಗಿಸಿದ್ದು

ಹೊಳೆ ಬಂದ ದಿನ ನಾನು, ನಮ್ಮ ಮನೆಯ ಹತ್ತಿರಕ್ಕೂ ಬಾರದ ನೀರಿಗೆ ಹೆದರಿ, ಗ್ಯಾಸ್ ಸಿಲಿಂಡರನ್ನು ಮಹಡಿಗೆ ಹೊತ್ತು ಸೊಂಟ ಹಿಡಿಸಿಕೊಂಡೆ. ನಾವಿರುವುದು ಹೊಳೆನರಸೀಪುರದ ಎತ್ತರದ ಕಡೆ. ಹೇಮಾವತಿ ಅಲ್ಲಿಯವರೆಗೆ ಬರಬೇಕಾದರೆ ಮೊದಲು ಪೇಟೆ ಬೀದಿ, ಬಸ್ ಸ್ಟ್ಯಾಂಡು, ಕಲ್ಯಾಣ ಮಂಟಪ ಎಲ್ಲ ಮುಳುಗಬೇಕು. ಅಷ್ಟೆಲ್ಲ ಮುಳುಗಿದ ಮೇಲೆ ಸಿಲಿಂಡರ್ ಇಟ್ಟುಕೊಂಡು ಏನು ಕಾಯಿಸುತ್ತೀರಿ ಎಂದು ಹೆಂಡತಿ ಕೇಳಿದಳು. ನಾನು ಐವತ್ತು ದಾಟಿದ ಹೈಸ್ಕೂಲು ಚಿತ್ರಕಲಾ ಮೇಷ್ಟ್ರು. ಚಿತ್ರ ಬರೆಸುವುದು ಸಂಬಳಕ್ಕೆ, ಚಿಂತೆ ಮಾಡುವುದು ಸ್ವಂತ ಆಸಕ್ತಿಗೆ. ಸೊಂಟಕ್ಕೆ ಮುಲಾಮು ತಿಕ್ಕಿಸಿಕೊಳ್ಳುತ್ತಿದ್ದಾಗ ನಮ್ಮ ಸೋದರತ್ತೆಯ ಫೋನು ಬಂತು. ಅವಳ ಮನೆ ಹೊಳೆ ದಂಡೆಯ ಬೀದಿಯಲ್ಲಿ.

'ದರ್ಬಾರು ನೀರ್ ಕುಡ್ದದೆ, ಬಾ,' ಎಂದಳು. ಫೋನಿಟ್ಟಳು.

ಅತ್ತೆ ನಾಟಕದ ಸೀನರಿ ಬಾಡಿಗೆಗೆ ಕೊಡುವವಳು. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕ ಆಡುವವರು ಕಸುಬಿನ ಕಲಾವಿದರಲ್ಲ. ರೈತರು, ಅಂಗಡಿಯವರು, ಲೈನ್‌ಮ್ಯಾನುಗಳು, ರಿಟೈರಾದ ಡ್ರಿಲ್ ಮೇಷ್ಟ್ರುಗಳು. ಪಾತ್ರಕ್ಕೆ ಯಾರು ಹೆಚ್ಚು ದುಡ್ಡು ಹಾಕುತ್ತಾರೋ ಅವರೇ ರಾಜರು. ಮೀಸೆ, ಶಾರೀರ ಇದ್ದರೆ ಮೇಲುಸಂಪಾದನೆ. ಹಾರ್ಮೋನಿಯಂ ಮೇಷ್ಟ್ರೊಬ್ಬರು ತಿಂಗಳುಗಟ್ಟಲೆ ತಿದ್ದುತ್ತಾರೆ. ಆಮೇಲೆ ಡ್ರೆಸ್ಸು, ಮೈಕು, ಸೀನರಿ ತರಿಸಿ ಆಡುತ್ತಾರೆ. ಸೀನರಿ ಎಂದರೆ ಒಂದು ಮನೆಯ ಮುಂಗೋಡೆಯಷ್ಟು ಅಗಲದ, ಚಿತ್ರ ಬರೆದ ಪರದೆಗಳು. ಒಂದರ ಹಿಂದೆ ಒಂದು ತೂಗುತ್ತವೆ. ಪರದೆಯ ಬುಡಕ್ಕೆ ಉದ್ದ ಬಿದಿರು ಕಟ್ಟಿರುತ್ತದೆ. ಹಗ್ಗ ಎಳೆದರೆ ಪರದೆ ಬುಡದಿಂದ ಸುತ್ತಿಕೊಳ್ಳುತ್ತಾ ಮೇಲೆ ಹೋಗುತ್ತದೆ, ಹಿಂದಿನದು ಕಾಣುತ್ತದೆ. ಅರಮನೆ ಹೋಗಿ ಕಾಡು ಬರುವುದು ಹೀಗೆ.

ಅತ್ತೆಯಲ್ಲಿದ್ದ ನಾಲ್ಕೂ ಪರದೆಗಳನ್ನು, ಅಂದರೆ ದರ್ಬಾರು, ಕಾಡು, ಬೀದಿ, ತೋಟ, ಬರೆದವರು ಅವಳ ಮಾವ, ಗಂಡನ ತಂದೆ. ಒರಟು ಗಾಡಾ ಬಟ್ಟೆ ಹೊಲಿಸಿ, ಸುಣ್ಣದ ಪುಡಿ ಬಳಿದು, ಬಣ್ಣದ ಪುಡಿಗೆ ಬಡಗಿಗಳು ಬಳಸುವ ವಜ್ರದ ಅಂಟು ಕಾಯಿಸಿ ಕಲಸಿ ಬರೆದದ್ದು. ದರ್ಬಾರು ಅವರ ಕೈಯ ದೊಡ್ಡ ಕೆಲಸ. ಎರಡು ಸಾಲು ಕಂಬ, ಕಂಬಕ್ಕೊಂದು ನವಿಲು, ಕೊನೆಯಲ್ಲಿ ಸಿಂಹದ ಕಾಲಿನ ಸಿಂಹಾಸನ, ಮೇಲೆ ದೀಪದ ಗೊಂಚಲು. ಶಾಲೆಯ ಜಗಲಿಗೆ ಕಟ್ಟಿದರೂ ಅದು ಒಳಕ್ಕೆ ಅರ್ಧ ಮೈಲಿ ಹೋಗುವಂತೆ ಕಾಣುತ್ತಿತ್ತು. ನಾನು ಚಿತ್ರಕಲಾ ಮೇಷ್ಟ್ರಾದದ್ದಕ್ಕೆ ಯಾರನ್ನಾದರೂ ದೂರಬೇಕಿದ್ದರೆ ಆ ದರ್ಬಾರನ್ನೇ ದೂರಬೇಕು. ಹುಡುಗನಾಗಿದ್ದಾಗ ಆ ಕಂಬಗಳ ನಡುವೆ ನಡೆದುಹೋಗಲು ನೋಡಿ ಮೂಗು ಜಜ್ಜಿಕೊಂಡವನು ನಾನು.

ಈಗ ಹಾಸನದಲ್ಲಿ ಎಲ್ಇಡಿ ಪರದೆ ಬಾಡಿಗೆಗೆ ಸಿಗುತ್ತದೆ. ಗುಂಡಿ ಒತ್ತಿದರೆ ಅರಮನೆ, ಇನ್ನೊಂದು ಒತ್ತಿದರೆ ಸಮುದ್ರ. ಅತ್ತೆಯನ್ನು ಕರೆಯುವವರು ಒಬ್ಬೊಬ್ಬರಾಗಿ ಆ ಕಡೆ ಜಾರಿದ್ದರು. ಆ ಶ್ರಾವಣಕ್ಕೆ ಅವಳ ಕೈಯಲ್ಲಿದ್ದದ್ದು ಒಂದೇ ನಾಟಕ: ಅರಕಲಗೂಡು ಕಡೆಯ ತಂಡದ್ದು, ಹಾಸನದ ಸಭಾಭವನದಲ್ಲಿ, ಹಗಲು ಹೊತ್ತು. ದರ್ಬಾರು ಇಲ್ಲದ ಸೀನರಿಯನ್ನು ಯಾರೂ ಕರೆಯುವುದಿಲ್ಲ. ಬೀದಿ ಇಲ್ಲದಿದ್ದರೆ ನಡೆಯುತ್ತದೆ, ತೋಟ ಇಲ್ಲದಿದ್ದರೆ ಕಾಡನ್ನೇ ತೋಟ ಎನ್ನಬಹುದು. ರಾಜನ ಪಾತ್ರಕ್ಕೆ ಅಷ್ಟೊಂದು ಸುರಿದವನಿಗೆ ಅರಮನೆ ಇಲ್ಲ ಎನ್ನಲಾಗುವುದಿಲ್ಲ.

ಮರುದಿನ ಬೆಳಿಗ್ಗೆ ನೀರು ಇಳಿದ ಮೇಲೆ ಹೋದೆ. ಸಾಮಾನು ಕೋಣೆಯ ಬಾಗಿಲಿನಿಂದ ಕೆಂಪು, ಹಸಿರು, ಅರಿಶಿನದ ನೀರು ಸಾಲುಸಾಲಾಗಿ ಬೀದಿಗೆ ಹರಿಯುತ್ತಿತ್ತು. ಜನ ಮೊಬೈಲು ಹಿಡಿದು ನಿಂತಿದ್ದರು.

'ಅಕ್ಕೋ, ನಿಮ್ಮನೆಯಿಂದ ಓಕುಳಿ ಒಂಟದೆ,' ಎಂದ ಎದುರು ಮನೆಯವನು.

'ಬಾ, ನಿಂಗೂ ಒಂದ್ ಚೊಂಬ್ ಉಯ್ತೀನಿ. ನಿನ್ ಮಕಕ್ಕೆ ಬಣ್ಣ ಅಂಟಾದ್ರೆ ನಿನ್ ಎಂಡ್ರುಗೂ ಉಪ್ಕಾರ,' ಎಂದಳು ಅತ್ತೆ. ಸೀರೆಯನ್ನು ಮೊಣಕಾಲಿಗೆ ಕಟ್ಟಿ ಕೆಸರಿನಲ್ಲಿ ನಿಂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ನನ್ನನ್ನು ನೋಡಿ, 'ಬಂದ್ರಾ ಡಾಕ್ಟ್ರು? ಕೂತ್ಕಳಿ. ಎಣ ತೊಳೀತಾವ್ರೆ,' ಎಂದಳು.

ತೊಳೆಯುತ್ತಿದ್ದವನು ಅವಳ ಹಗ್ಗದವನು. ನಾಟಕದಲ್ಲಿ ಪರದೆ ಎಳೆಯುವ ಕೆಲಸದವನು, ದಂಡಿಗನಹಳ್ಳಿಯವನು, ಸುಮಾರು ನನ್ನ ವಯಸ್ಸು. ಎಲ್ಲಕ್ಕೂ ಮೇಲಿನ ಅಟ್ಟಣೆಯಲ್ಲಿದ್ದ ಕಾಡು ಒಣಗಿಯೇ ಇತ್ತು. ನೆಲದಲ್ಲಿದ್ದ ಬೀದಿ ಮತ್ತು ತೋಟ ಬಣ್ಣದ ಗಂಜಿಯಾಗಿದ್ದವು. ಮಧ್ಯದ ಅಟ್ಟಣೆಯ ದರ್ಬಾರು ಸುರುಳಿ ಸುತ್ತಿದಂತೆಯೇ ನೆನೆದು, ನೀರು ತೊಟ್ಟಿಕ್ಕುತ್ತಾ ಕೂತಿತ್ತು.

'ಬೀದಿ ಓಯ್ತು, ತ್ವಾಟ ಓಯ್ತು. ಓಗ್ಲಿ. ಇದೊಂದ್ ಉಳ್ಸು,' ಎಂದಳು. 'ಬಿಸ್ಲು ಬಂದದೆ. ಬುಡಿಸಿ ಆರಾಕುವ.'

ಬೇಡ ಎಂದೆ. ಜೀವಮಾನದಲ್ಲಿ ಅತ್ತೆಗೆ ಬೇಡ ಎಂದದ್ದು ಅದೇ ಮೊದಲಿರಬೇಕು, ನನಗೇ ಗಾಬರಿಯಾಯಿತು. ಹಿಂದೊಮ್ಮೆ ಮೈಸೂರಿನಲ್ಲಿ ಹಳೆಯ ವಸ್ತುಗಳ ಸಂರಕ್ಷಣೆಯ ಬಗ್ಗೆ ಮೇಷ್ಟ್ರುಗಳಿಗೆ ಒಂದು ತರಬೇತಿ ನಡೆದಿತ್ತು. ಅದರಲ್ಲಿ ನಾನು ಹೆಚ್ಚಾಗಿ ವಾಪಸು ಬಸ್ಸಿನ ಬಗ್ಗೆಯೇ ಚಿಂತಿಸುತ್ತಿದ್ದೆನಾದರೂ ಒಂದು ಮಾತು ಕಿವಿಯಲ್ಲಿ ಉಳಿದಿತ್ತು. ಅಂಟಿನಲ್ಲಿ ಕಲಸಿದ ಬಣ್ಣ ನೆನೆದರೆ ಅಂಟು ಬಿಡುತ್ತದೆ. ಆಗ ಸುರುಳಿ ಬಿಚ್ಚಿದರೆ ಒಂದು ಸುತ್ತಿನ ಬಣ್ಣ ಇನ್ನೊಂದು ಸುತ್ತಿನ ಬೆನ್ನಿಗೆ ಹತ್ತಿಕೊಂಡು ಕಿತ್ತು ಬರುತ್ತದೆ. ಬಿಚ್ಚದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ತರಬೇತಿ ಕೊಟ್ಟವರಿಗೆ ಫೋನು ಮಾಡಿದೆ. ಅವರು ಸಮಾಧಾನದಿಂದ, 'ತಕ್ಷಣ ಫ್ರೀಜ್ ಮಾಡಿ. ಆಮೇಲೆ ನಿಧಾನಕ್ಕೆ ನೋಡೋಣ,' ಎಂದರು.

ಹೊಳೆನರಸೀಪುರದಲ್ಲಿ ಒಂದು ಅರಮನೆಯನ್ನು ಫ್ರೀಜ್ ಮಾಡುವುದು ಎಲ್ಲಿ? ಐಸ್‌ಕ್ಯಾಂಡಿ ಮಾಡುವವನನ್ನು ಕೇಳಿದೆ; ಕೋಳಿ ಅಂಗಡಿಯವನನ್ನು ಕೇಳಿದೆ, ಅವನು ಸುರುಳಿಯನ್ನು ತುಂಡು ಮಾಡಿ ತರಲು ಹೇಳಿದ. ಕೊನೆಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಕೊಡುವವನು ಸಿಕ್ಕಿದ. ಯಾರು ಹೋದದ್ದು ಎಂದು ಕೇಳಿದ. ಪರದೆ ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟು, ದುಃಖದಲ್ಲಿ ಎಲ್ಲರೂ ಹೀಗೇ ಏನೇನೋ ಮಾತಾಡುತ್ತಾರೆ ಸಾ ಎಂದು ನೀರು ಕೊಟ್ಟ. ಅಳತೆ ನೋಡಿದರೆ ಪೆಟ್ಟಿಗೆ ಒಬ್ಬ ಮನುಷ್ಯನಿಗೆ ಸರಿಯಾಗಿತ್ತು. ನಮ್ಮ ಬಿದಿರು ಅಂಥ ಮೂವರನ್ನು ತಲೆಗೆ ಕಾಲು ಜೋಡಿಸಿ ಮಲಗಿಸಿದಷ್ಟು ಉದ್ದ.

ಅತ್ತೆಗೆ ಈ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. 'ನಾನ್ ಇನ್ನೂ ಉಸ್ರಾಡ್ತಾ ಇವ್ನಿ, ಆಗ್ಲೇ ಪೆಟ್ಗೆ ಅಳ್ದ್ ಬಂದ್ಯಂತೆ,' ಎಂದಳು.

ನಮಗೆ ಸಿಕ್ಕಿದ್ದು ಆಷಾಢ. ಆಷಾಢದಲ್ಲಿ ಮದುವೆಯಿಲ್ಲವಾದ್ದರಿಂದ ಎತ್ತರದ ಬೀದಿಯ ಕಲ್ಯಾಣ ಮಂಟಪ ಖಾಲಿ. ಅದರ ಮ್ಯಾನೇಜರನ ಮಗಳಿಗೆ ನಾನು ರಂಗೋಲಿ ಸ್ಪರ್ಧೆಯಲ್ಲಿ ಬಹುಮಾನ ಕೊಡಿಸಿದ್ದೆ. ಶ್ರಾವಣದ ಮೊದಲ ಮುಹೂರ್ತದವರೆಗೆ ಊಟದ ಹಾಲ್ ನಿಮಗೇ ಎಂದ. ಸುರುಳಿಯನ್ನು ಹೆಣ ಹೊತ್ತಂತೆಯೇ ಹೊತ್ತು ತಂದೆವು. ದಾರಿಯಲ್ಲಿ ಇಬ್ಬರು ಟೋಪಿ ತೆಗೆದರು.

ನೀರು ಹೀರಲು ಒಣ ಬಟ್ಟೆ ಬೇಕು. ಪ್ರವಾಹ ಬಂದ ಊರಿನಲ್ಲಿ ಯಾರ ಹತ್ತಿರ ಒಣ ಬಟ್ಟೆ ಇರುತ್ತದೆ? ಹಗ್ಗದವನು ಮಂಟಪದ ಉಗ್ರಾಣದಲ್ಲಿ ತಡಕಾಡಿ ಊಟದ ಟೇಬಲ್ಲಿಗೆ ಹಾಸುವ ಕಾಗದದ ಸುರುಳಿಗಳನ್ನು ಎಳೆದು ತಂದ. ಇದು ಕೆಲಸಕ್ಕೆ ಬಂತು. ಟೇಬಲ್ಲುಗಳನ್ನು ಸಾಲಾಗಿ ಜೋಡಿಸಿ, ಕಾಗದ ಹಾಸಿ, ದರ್ಬಾರನ್ನು ಗೇಣುಗೇಣಾಗಿ ಬಿಚ್ಚುತ್ತಾ, ಬಿಚ್ಚಿದಷ್ಟಕ್ಕೂ ಮೇಲೊಂದು ಪದರ ಕಾಗದ ಹೊದಿಸಿ, ಅದು ನೆಂದಾಗ ಬದಲಿಸುವುದು. ಮೇಲೆ ಮದುವೆಮನೆ ಫ್ಯಾನುಗಳು, ಕಡಿಮೆ ವೇಗದಲ್ಲಿ. ತೆಗೆದ ಕಾಗದದ ಮೇಲೆ ಪ್ರತಿ ಸಲ ಒಂದಿಷ್ಟು ಕಂಬ, ಒಂದಿಷ್ಟು ನವಿಲು ತಿಳಿಯಾಗಿ ಅಚ್ಚೊತ್ತಿರುತ್ತಿತ್ತು. ಅಷ್ಟು ನಷ್ಟವಾಯಿತು ಎಂದರ್ಥ. ಅದನ್ನು ಅತ್ತೆಗೆ ಕಾಣದಂತೆ ಮಡಚಿಡುತ್ತಿದ್ದೆ.

ಅವಳಿಗೆ ಎಲ್ಲ ಕಾಣುತ್ತಿತ್ತು. ವೇದಿಕೆಯ ಮೇಲೆ ವಧೂವರರ ಕೆಂಪು ಕುರ್ಚಿ ಎರಡಿದ್ದವು. ಒಂದರಲ್ಲಿ ಅವಳು ಕೂತಿರುತ್ತಿದ್ದಳು, ಇನ್ನೊಂದರ ಮೇಲೆ ಅವಳ ಎಲೆಅಡಿಕೆ ಚೀಲ.

'ನಮ್ಮಾವ ಒಂದ್ ನವುಲ್ ಬರ್ಯಕೆ ಎಲ್ಡ್ ದಿನ ಕೂತಿರೋರು. ನೀನು ಒಂದ್ ಗಳ್ಗೇಲಿ ಮೂರ್ ನವುಲ್ ಪುಕ್ಕ ಕಿತ್ತೆ. ಕೋಳಿ ಅಂಗ್ಡಿ ಇಡು, ಒಳ್ಳೇ ಕೈ.'

'ಅತ್ತೆ, ಇದು ಕೈಯ ತಪ್ಪಲ್ಲ. ಅಂಟು ನೀರಿನಲ್ಲಿ ಹೋಗಿದೆ.'

'ನಿಮ್ಮಪ್ಪನೂ ಅಂಗೇ. ಮಾಡಿದ್ದೆಲ್ಲಾ ಕೆಟ್ರೂ ಕೈ ಮಾತ್ರ ಸರ್ಯಾಗಿತ್ತು.'

ಅಂಟು ಹೋಗಿದ್ದೇ ನಿಜವಾದ ಕಷ್ಟ. ಪೂರ್ತಿ ಒಣಗಿದ ಮೇಲೆ ದರ್ಬಾರು ಮೊದಲಿನಂತೆಯೇ ಕಾಣಿಸಿತು, ಸ್ವಲ್ಪ ಜ್ವರ ಬಿಟ್ಟವರ ಮುಖದ ಹಾಗೆ. ಕಂಬದ ಮೇಲೆ ಬೆರಳಿಟ್ಟೆ. ಬೆರಳು ಹಳದಿಯಾಯಿತು. ಬಟ್ಟೆಯ ಮೇಲೆ ಬಣ್ಣ ಕೂತಿತ್ತು ಅಷ್ಟೆ, ಹಿಡಿದಿರಲಿಲ್ಲ. ಅಲುಗಿಸದಿದ್ದರೆ ಇರುತ್ತದೆ, ಸುತ್ತಿದರೆ ಉದುರುತ್ತದೆ. ಇದಕ್ಕೆ ಮದ್ದಿತ್ತು. ವಜ್ರದ ಅಂಟನ್ನು ತೀರಾ ತೆಳ್ಳಗೆ ಕಾಯಿಸಿ, ಕ್ಷೌರದಂಗಡಿಯ ನೀರು ಚಿಮುಕಿಸುವ ಬಾಟಲಿಯಿಂದ ಮಂಜಿನ ಹಾಗೆ ಹಾಯಿಸಿ, ಅದು ಒಣಗಿದ ಮೇಲೆ ಮತ್ತೆ ಹಾಯಿಸುತ್ತಾ ಹೋಗಬೇಕು. ಮೊದಲು ಸಿಂಹಾಸನಕ್ಕೆ ಮಾಡಿದೆ. ಹಿಡಿಯಿತು. ಬೆರಳಿನಿಂದ ಉಜ್ಜಿದರೂ ಬರಲಿಲ್ಲ. ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಎಷ್ಟು ಹೊತ್ತು ಬೀಗಿದೆನೆಂದರೆ, ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ಆದರೆ ಒಂದು ಸಿಂಹಾಸನಕ್ಕೆ ಹಿಡಿದ ಕಾಲ ನೋಡಿದರೆ ಇಡೀ ದರ್ಬಾರಿಗೆ ಇನ್ನೂ ಒಂದೆರಡು ತಿಂಗಳಾದರೂ ಬೇಕಿತ್ತು. ಆಷಾಢ ಮುಗಿಯುತ್ತಿತ್ತು. ಅಷ್ಟರಲ್ಲಿ ರಾಜರೇ ಬಂದರು.

ಅರಕಲಗೂಡು ತಂಡದ ರಾಜನ ಪಾತ್ರದವರು ಹೊಗೆಸೊಪ್ಪು ಬೆಳೆಯುವವರು. ಬಾಗಿಲು ತುಂಬುವ ಆಳು. ಟೇಬಲ್ಲುಗಳ ಮೇಲೆ ಮಲಗಿದ್ದ ತಮ್ಮ ಅರಮನೆಯ ಸುತ್ತ ಒಂದು ಸುತ್ತು ಬಂದು, ಸತ್ತವರ ಮನೆಯಲ್ಲಿ ಕೇಳುವಂತೆ ಮೆಲ್ಲಗೆ ಕೇಳಿದರು: 'ಇದು ಏಳ್ತದಾ?'

'ಏಳ್ತದೆ,' ಎಂದಳು ಅತ್ತೆ.

'ಇಲ್ಲಾಂದ್ರೆ ಈಗ್ಲೇ ಏಳ್ಬುಡಿ ಅಕ್ಕಾ. ನಮ್ ಹುಡುಗ್ರು ಎಲ್ಇಡಿ ಎಲ್ಇಡಿ ಅಂತಾವ್ರೆ. ನಾನೇ, ಪಾಪ ಮುದುಕಿ, ಇದೊಂದ್ ಸಲ ಅಂತ ತಡ್ದಿರದು.'

'ಮುದ್ಕಿ ಪಾಪ ಅಲ್ಲ. ನೀವ್ ಎರ್ಡನೇ ಅಂಕದ ಕಂದಪದ್ಯ ಕಲೀರಿ ಮೊದ್ಲು. ಓದ್ಸಲ ನೀವು ಮರ್ತು ನಿಂತಾಗ ಜನ ನೋಡಿದ್ದು ನನ್ ಪರದೇನ, ನಿಮ್ಮನ್ನಲ್ಲ.'

ಅವರು ನಗುತ್ತಾ ಹೋದರು. ಬಾಗಿಲಲ್ಲಿ ಹಗ್ಗದವನ ಹತ್ತಿರ ಏನೋ ಪಿಸುಗುಟ್ಟಿದ್ದನ್ನು ನೋಡಿದೆ. ಅದರ ಬಗ್ಗೆ ಚಿಂತೆ ಮಾಡಬೇಕಿತ್ತು. ಆ ಹೊತ್ತಿಗೆ ನನ್ನ ಚಿಂತೆಯೆಲ್ಲ ಬೂಷ್ಟಿಗೆ ಖರ್ಚಾಗಿತ್ತು.

ಅವರು ಹೋದ ಮೇಲೆ ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಈಗ ಕಟ್ಟಿದರೆ ಹಾಳು. ಕಟ್ಟದೆ ಬಿಟ್ಟರೆ ನಾನು ರಜಾದಿನಗಳಲ್ಲಿ ಅಂಟು ಹಾಯಿಸಿ ಉಳಿಸುತ್ತೇನೆ. ಇಂಥದ್ದು ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇದು ನೂರಾರು ಜನ ನೋಡಬೇಕಾದ ವಸ್ತು.

'ಉಳ್ಸಿ?'

'ಉಳಿಸಿ, ಒಳ್ಳೆಯ ಜಾಗದಲ್ಲಿ ಗೋಡೆಗೆ...'

'ಗ್ವಾಡೆಗೆ. ನಿಮ್ ಇಸ್ಕೂಲ್ ಗ್ವಾಡೆಗಾ? ಅಲ್ಲಿ ನೀನು ಬರ್ದಿರೋ ಗಾಂಧೀನ ನೋಡಿವ್ನಿ. ಆವಯ್ಯಂಗೇ ಗುಂಡ್ ಒಡ್ದವ್ನು ಒಬ್ಬ, ಬಣ್ಣ ಒಡ್ದವ್ನು ಇನ್ನೊಬ್ಬ.' ಎಲೆಗೆ ಸುಣ್ಣ ಸವರಿಕೊಂಡಳು. 'ನೋಡ್ಲಾ. ಇದು ಗ್ವಾಡೆ ಸೇರಿದ್ರೆ ನಾನ್ ಗೋರಿ ಸೇರ್ದಂಗೆ. ಈಗ ಜನ ನನ್ನುನ್ನ ಸೀನರಿಯವ್ಳು ಅಂತಾರೆ. ಅದು ಓದ್ರೆ ಏನಂತಾರೆ? ಯಾರೋ ಮುಂಡೆ ಅಂತಾರೆ.'

ಆಮೇಲೆ ಆ ಮಾತು ಎತ್ತಲಿಲ್ಲ. ಅದರ ಬದಲು ನನಗೊಂದು ಉಪಾಯ ಹೊಳೆಯಿತು, ಈಗಲೂ ಅದು ಕೆಟ್ಟ ಉಪಾಯವೆಂದು ಅನಿಸಿಲ್ಲ. ದರ್ಬಾರನ್ನು ಎಲ್ಲಕ್ಕಿಂತ ಹಿಂದೆ, ಅಲುಗಾಡದಂತೆ ಕಟ್ಟುವುದು. ಕಾಡನ್ನು ಮುಂದೆ ಕಟ್ಟುವುದು. ಕಾಡು ಏಳುತ್ತಾ ಇಳಿಯುತ್ತಾ ಇರಲಿ. ಅದು ಎದ್ದಾಗ ಅರಮನೆ ಕಾಣುತ್ತದೆ, ಇಳಿದಾಗ ಮುಚ್ಚಿಹೋಗುತ್ತದೆ. ದರ್ಬಾರನ್ನು ಒಂದು ಸಲವೂ ಸುತ್ತಬೇಕಾಗಿಲ್ಲ. ಅತ್ತೆ ಎಲೆಅಡಿಕೆ ಚೀಲ ಪಕ್ಕಕ್ಕಿಟ್ಟಳು. 'ನಿಂಗೂ ಒಂದೊಂದ್ ಸಲ ಮೆದ್ಳು ಕೆಲ್ಸ ಮಾಡ್ತದೆ,' ಎಂದಳು. ಅವಳ ಬಾಯಿಂದ ಬಂದ ಮೆಚ್ಚುಗೆಗಳಲ್ಲಿ ನನ್ನ ಪಾಲಿಗೆ ಅದೊಂದೇ.

ಹಾಸನಕ್ಕೆ ಸಾಗಿಸಲು ಬೋರ್‌ವೆಲ್ ಅಂಗಡಿಯಿಂದ ದಪ್ಪನೆಯ ಕೇಸಿಂಗ್ ಪೈಪೊಂದನ್ನು ಎರವಲು ತಂದೆ. ಸಣ್ಣ ಬಿದಿರಿಗೆ ಬಿಗಿಯಾಗಿ ಸುತ್ತಿದರೆ ಬಣ್ಣ ಬಿರಿಯುತ್ತದೆ. ದಪ್ಪ ಪೈಪಿಗೆ ಸಡಿಲವಾಗಿ, ನಡುವೆ ಕಾಗದವಿಟ್ಟು, ಬಣ್ಣದ ಮೈ ಹೊರಗೆ ಬರುವಂತೆ ಸುತ್ತಿದರೆ ಅಷ್ಟು ಬಿರಿಯುವುದಿಲ್ಲ. ಲಾರಿಯ ಹಿಂದೆ ಅದರ ಪಕ್ಕದಲ್ಲೇ ಕೂತು ಹೋದೆ. ರಸ್ತೆಯ ಪ್ರತಿ ಹಂಪಿನಲ್ಲೂ ಪೈಪನ್ನು ಎರಡೂ ಕೈಯಿಂದ ಅಪ್ಪಿಕೊಂಡೆ, ಬಣ್ಣ ಉದುರಲಿಲ್ಲ.

ಸಭಾಭವನದ ಒಳಗೆ ಹೋದರೆ ವೇದಿಕೆಯ ಹಿಂದಿನ ಗೋಡೆಗೆ ಎಲ್ಇಡಿ ಪರದೆ ನಿಂತಿತ್ತು. ಕಪ್ಪಗೆ, ಮನೆಯ ಮುಂಗೋಡೆಯಷ್ಟು ಅಗಲ. ಅದರ ವೈರುಗಳನ್ನು ಜೋಡಿಸುತ್ತಿದ್ದವನು ನಮ್ಮ ಹಗ್ಗದವನು.

'ಏನ್ಲಾ ಇದು?' ಎಂದಳು ಅತ್ತೆ.

'ದೇವ್ರು ಪ್ರತ್ಯಕ್ಷ ಆಗೋ ಸೀನ್‌ಗೆ ಅಕ್ಕಾ. ಮೋಡ ಬಿಡ್ತಾರಂತೆ. ಕೈ ಜೋಡ್ಸು ಅಂದ್ರು, ಬಂದೆ. ಒಟ್ಟೆಪಾಡು.'

'ಯಾವಾಗ್ ಏಳಿದ್ರು?'

ಅವನು ವೈರು ನೋಡಿದ. 'ಮಂಟಪ್ದಲ್ಲೇ,' ಎಂದ.

ಅತ್ತೆ ಅವನಿಗೆ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದನ್ನು ನಾನು ಕಂಡದ್ದು ಅವತ್ತೇ. ಅವನು ಎರಡು ಹೆಜ್ಜೆ ಹಿಂದೆ ಸರಿದ.

ರಾಜರು ಅರ್ಧ ಬಣ್ಣ ಬಳಿದುಕೊಂಡೇ ಬಂದರು. ಒಂದು ಕಡೆ ಮೀಸೆ ರಾಜನದು, ಇನ್ನೊಂದು ಕಡೆ ಹೊಗೆಸೊಪ್ಪಿನವರದು. ದೇವರ ಪಾತ್ರ ಹಾಕಿದವರ ಮನೆಯವರೇ ಎಲ್ಇಡಿ ತರಿಸಿದ್ದಾರೆ, ತಾವು ಏನೂ ಮಾಡುವಂತಿಲ್ಲ ಎಂದರು. ದರ್ಬಾರು ಎಲ್ಇಡಿಯ ಮುಂದೆ ಇರಲಿ. ದೇವರು ಬರುವಾಗ ಅದನ್ನು ಎತ್ತಿಬಿಡಿ ಎಂದರು.

ಎತ್ತುವ ಹಾಗಿಲ್ಲ ಎಂದು ನಾನು ವಿವರಿಸಿದೆ. ಬಣ್ಣ, ಅಂಟು, ಸುರುಳಿ. ಸುತ್ತದೆ ಹಾಗೇ ನೇರ ಮೇಲೆತ್ತಬಹುದೇ ಎಂದು ಕತ್ತೆತ್ತಿ ನೋಡಿದೆ. ತಾರಸಿ ಪರದೆಯ ನೆತ್ತಿಗೇ ತಗುಲುತ್ತಿತ್ತು. ರಾಜರು ತಾಳ್ಮೆಯಿಂದ ಕೇಳಿ, 'ಸಾ, ಅರಮನೆ ಒಳಿಕೆ ದೇವ್ರು ಎಂಗ್ ಬತ್ತಾನೆ? ಬಾಗ್ಲು ಬಡೀಬೇಕಾ?' ಎಂದರು. ಸುತ್ತ ನಿಂತವರು ನಕ್ಕರು. ಆಮೇಲೆ ಅತ್ತೆಯ ಕಡೆ ತಿರುಗಿ, 'ಆಗಾಕಿಲ್ಲ ಅಂದ್ರೆ ಬುಡಿ. ದರ್ಬಾರು ಎಲ್ಇಡೀಲೂ ಐತೆ,' ಎಂದರು.

ಯಾರೋ ಗುಂಡಿ ಒತ್ತಿ ತೋರಿಸಿಯೂ ತೋರಿಸಿದರು. ಯಾವುದೋ ದೇಶದ ಅರಮನೆ ಹೊಳೆಯಿತು. ಎಲ್ಲರ ಮುಖದ ಮೇಲೂ ಬೆಳಕು ಬಿತ್ತು, ಅತ್ತೆಯ ಮುಖದ ಮೇಲೂ.

'ಒಂದ್ ಸಲ ಎತ್ತುದ್ರೆ ಸಾಕಾ?' ಎಂದು ಕೇಳಿದಳು.

'ಒಂದೇ ಸಲ.'

'ಕಟ್ರುಲಾ,' ಎಂದಳು.

ಬೆಳಿಗ್ಗೆ ಶುರುವಾದ ನಾಟಕ ಮಧ್ಯಾಹ್ನದವರೆಗೂ ಚೆನ್ನಾಗಿಯೇ ನಡೆಯಿತು. ಕಾಡು ಎದ್ದಿತು, ಇಳಿಯಿತು. ಕಾಡು ಎದ್ದಾಗಲೆಲ್ಲ ಹಿಂದೆ ದರ್ಬಾರು ಅರ್ಧ ಮೈಲಿ ಒಳಕ್ಕೆ ನಿಂತಿರುತ್ತಿತ್ತು. ಊಟದ ಹೊತ್ತಿಗೆ ಒಂದಿಬ್ಬರು ಹಿರಿಯರು ಬಂದು ಪರದೆ ಯಾರು ಬರೆದದ್ದು ಎಂದು ವಿಚಾರಿಸಿದರು. ಅತ್ತೆ ಸೈಡ್‌ವಿಂಗಿನಲ್ಲಿ ಮೊಗ್ಗು ಬಿರಿದಂತೆ ಕೂತಿದ್ದಳು. ನಾನು ಮಾತ್ರ ಅಭಿನಯಿಸುವವರ ಮೊಣಕೈಗಳನ್ನೇ ಲೆಕ್ಕ ಹಾಕುತ್ತಿದ್ದೆ: ಯಾರ ಗದೆ ಯಾವ ಕಂಬಕ್ಕೆ ತಗುಲುತ್ತದೋ ಎಂದು.

ದೇವರು ಬರುವ ದೃಶ್ಯ ಬಂತು. ರಾಜರು ಮಂಡಿಯೂರಿ ಕಂದ ಹಾಡುತ್ತಿದ್ದರು. ಈ ಸಲ ಮರೆಯಲಿಲ್ಲ. ಹಗ್ಗದವನು ಹಗ್ಗಕ್ಕೆ ಕೈ ಹಾಕಿದ. ಅತ್ತೆ ಅವನ ಕೈ ಸರಿಸಿದಳು. 'ನೀನು ಮೋಡ ಬುಡೋಗು,' ಎಂದು ತಾನೇ ಎಳೆದಳು.

ಬುಡದ ಬಿದಿರು ಒಂದು ಸುತ್ತು ತಿರುಗುವವರೆಗೆ ಏನೂ ಆಗಲಿಲ್ಲ. ಎರಡನೆಯ ಸುತ್ತಿಗೆ ಕಂಬಗಳ ಬುಡದಿಂದ ಹಳದಿ ಪುಡಿ ಹೊಗೆಯ ಹಾಗೆ ಎದ್ದಿತು. ಆಮೇಲೆ ಹಕ್ಕಳೆ. ಕೆಂಪು, ನೀಲಿ, ಚಿನ್ನದ ಬಣ್ಣ, ಅಂಗೈಯಗಲದ ತುಂಡುಗಳು ರಾಜರ ಕಿರೀಟದ ಮೇಲೆ, ಭುಜದ ಮೇಲೆ, ಮುಗಿದ ಕೈಗಳ ಮೇಲೆ ಸುರಿದವು. ಹಿಂದಿನಿಂದ ಎಲ್ಇಡಿಯ ಬಿಳಿ ಬೆಳಕು ಬಂದು ಆ ಪುಡಿಯನ್ನೆಲ್ಲ ಹೊತ್ತಿಸಿತು. ದೇವರು ಅದರ ನಡುವೆ ಕೆಮ್ಮುತ್ತಾ ಪ್ರತ್ಯಕ್ಷರಾದರು.

ಸಭಾಭವನ ಎದ್ದು ನಿಂತಿತು. ನಂತರ ಯಾರೋ ಶಿಳ್ಳೆ ಹಾಕಿದರು. ಅದು ಟ್ರಿಕ್ ಸೀನೆಂದು ಜನ ತಿಳಿದಿದ್ದರು. ಹಿಂದಿನ ಸಾಲಿನಿಂದ ಒನ್ಸ್ ಮೋರ್ ಬಂತು, ಮುಂದಿನ ಸಾಲು ಅದನ್ನು ಹಿಡಿದುಕೊಂಡಿತು.

ನಮ್ಮ ಕಡೆಯ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ಕೋರ್ಟಿನ ಅಪ್ಪಣೆ. ಸತ್ತವನೂ ಎದ್ದು ಇನ್ನೊಂದು ಸಲ ಸಾಯಬೇಕು. ರಾಜರು ಮಂಡಿಯ ಮೇಲಿದ್ದಂತೆಯೇ ವಿಂಗಿನ ಕಡೆ ತಿರುಗಿದರು. ಅಷ್ಟು ವರ್ಷ ಪಾತ್ರ ಕೊಂಡವರಿಗೆ ಒನ್ಸ್ ಮೋರ್ ಸಿಕ್ಕಿದ್ದು ಅವತ್ತೇ ಮೊದಲು. ಬಣ್ಣದ ಕೆಳಗೂ ಕಣ್ಣು ತುಂಬಿದ್ದು ಕಾಣುತ್ತಿತ್ತು. 'ಇಳ್ಸಿ, ಅಕ್ಕಾ. ಇನ್ನೊಂದ್ ಸಲ. ನಿಮ್ ಕಾಲಿಗೆ ಬೀಳ್ತೀನಿ,' ಎಂದರು.

'ಅತ್ತೆ, ಬೇಡ,' ಎಂದೆ. 'ಮೇಲಿನ ಅರ್ಧ ಇನ್ನೂ ಇದೆ. ಗೊಂಚಲು ಇದೆ.'

ಅವಳು ಇಳಿಸಿದಳು. ಎಳೆದಳು. ಗೊಂಚಲೂ ಬಂತು. ಮತ್ತೊಮ್ಮೆ ಒನ್ಸ್ ಮೋರ್ ಎದ್ದಾಗ ಮತ್ತೆ ಇಳಿಸಿದಳು, ಆದರೆ ಉದುರಲು ಹೆಚ್ಚೇನೂ ಇರಲಿಲ್ಲವಾದ್ದರಿಂದ ಜನ ನಿರಾಸೆಯಿಂದ ಕೂತರು. ಬರೀ ಬಟ್ಟೆ ತೂಗುತ್ತಿತ್ತು. ನಡುವೆ ನಾನು ಅಂಟು ಹಾಯಿಸಿದ್ದ ಸಿಂಹಾಸನ ಒಂದು, ಯಾರದೋ ಖಾಲಿ ಮನೆಯಲ್ಲಿ ಬಿಟ್ಟುಹೋದ ಕುರ್ಚಿಯ ಹಾಗೆ.

ಸಂಜೆ ವೇದಿಕೆ ಗುಡಿಸುವವ ಇಡೀ ದರ್ಬಾರನ್ನು ಎರಡು ಮೊರಕ್ಕೆ ತುಂಬಿದ. ನಾನು ಒಂದು ನವಿಲಿನ ಕತ್ತು ಆಯ್ದುಕೊಂಡೆ. ಜೇಬಿಗೆ ಹಾಕುವಷ್ಟರಲ್ಲಿ ಪುಡಿಯಾಯಿತು. ಹೊರಗೆ ರಾಜರಿಗೆ ಜನ ಹಾರ ಹಾಕಿ ಫೋಟೋ ತೆಗೆಯುತ್ತಿದ್ದರು. ಅವರು ತಲೆಗೂದಲಿನ ಚಿನ್ನವನ್ನು ಒರೆಸಿಕೊಂಡಿರಲಿಲ್ಲ. ಅತ್ತೆ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಹಿಂದೆ ಪೈಪಿನ ಪಕ್ಕ ಹತ್ತಿ ಕೂತೆ. ಹಗ್ಗದವನು ಎಲ್ಇಡಿಯವರ ಗಾಡಿಯಲ್ಲಿ ಹೋದ.

ಮುಗಿಯಿತೆಂದುಕೊಂಡೆ. ಶ್ರಾವಣ ಕಳೆಯುವ ಮೊದಲೇ ಅತ್ತೆಯ ಮನೆಗೆ ಬಾಗೂರಿನಿಂದ ಇಬ್ಬರು ಬಂದರು. ನಾನೂ ಅಲ್ಲಿದ್ದೆ, ಗೋಡೆಯ ಕೆಸರು ಕೆರೆಯುತ್ತಿದ್ದೆ. ಅವರ ಹತ್ತಿರ ಮೊಬೈಲಿನಲ್ಲಿ ವೀಡಿಯೊ ಇತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಎಲ್ಲ ತಂಡಗಳೂ ನೋಡಿವೆಯಂತೆ.

'ಅಕ್ಕಾ, ಈ ಉದ್ರೋ ಸೀನರಿ ನಿಮ್ದೇ ಅಲ್ವಾ?'

'ನಮ್ದೇ.'

'ಇದು ಎಲ್ಇಡಿಯೋರ ತಾವ್ ಇಲ್ಲ ಅಂದ್ರು. ಕೇಳ್ದೋ.'

'ಅವ್ರ ತಾವ್ ಎಲ್ಲಿಂದ ಬತ್ತದೆ? ಅವ್ರದು ಬರೀ ಲೈಟು. ಉದ್ರಕ್ಕೆ ಏನಾರ ಇರ್ಬೇಕಲ್ಲ.'

'ನಮ್ದು ವನವಾಸದ್ ಕತೆ. ಕಾಡು ಉದ್ರುಸ್ತೀರಾ?'

ನಾನು ಕೆರೆಯುವುದನ್ನು ನಿಲ್ಲಿಸಿದೆ. ಅತ್ತೆ ಒಳಗಿನ ಅಟ್ಟಣೆಯ ಕಡೆ ನೋಡಿದಳು. ನೀರು ಮುಟ್ಟದೆ ಉಳಿದ ಒಂದೇ ಒಂದು ಪರದೆ ಅಲ್ಲಿತ್ತು, ಅವಳ ಮಾವನ ಕೈಯದು, ಹೊಸದರಂತೆ. ಅದನ್ನು ನಾನು ಮನಸ್ಸಿನಲ್ಲೇ ಎಷ್ಟೋ ಗೋಡೆಗಳಿಗೆ ತೂಗು ಹಾಕಿ ನೋಡಿದ್ದೆ.

'ಉದುರ್ತದೆ,' ಎಂದಳು. 'ದಿನ ಏಳ್ರಿ.'

ಅವರು ದಿನ ಹೇಳಿ, ಕಾಫಿ ಕುಡಿದು, ಕೈ ಮುಗಿದು ಹೋದರು. ಬೀದಿಯಲ್ಲಿ ಅವರಲ್ಲೊಬ್ಬ ಎದುರು ಮನೆಯವನನ್ನು ಕೇಳುತ್ತಿದ್ದದ್ದು ಕಿವಿಗೆ ಬಿತ್ತು, ಸೀನರಿಯವ್ವನ ಮನೆ ಇದೇ ಅಲ್ವೇ ಎಂದು, ಬಂದುಹೋದ ಮೇಲೂ ಖಾತ್ರಿ ಮಾಡಿಕೊಳ್ಳಲು. ಅತ್ತೆಗೂ ಬಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

'ಅತ್ತೆ, ಅದೊಂದೇ ಉಳಿದಿರೋದು.'

'ಅದ್ಕೇ.'

'ಆಮೇಲೆ?'

'ಆಮೇಲೆ ನಾನೂ ಉದುರ್ತೀನಿ. ನಿಂಗ್ಯಾಕೆ ಅದು?' ಎಂದಳು. 'ನೀನು ಇದುನ್ನ ಏಳು. ಆ ದರ್ಬಾರು ಅಷ್ಟ್ ಚೆಂದಾಗಿ ಉದುರ್ಬೇಕಾದ್ರೆ ನೀರ್ನಾಗೆ ಎಷ್ಟೊತ್ತು ಇತ್ತು?'

ಹೇಳಬಾರದಿತ್ತು. ಆದರೆ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಒಂದು ವಿಷಯ ಕೇಳಿ ತಿಳಿದುಕೊಳ್ಳಲು ಕೂತದ್ದು ಅದೇ ಮೊದಲು. ಹೊಳೆಯ ತಣ್ಣೀರಿನಲ್ಲಿ ಒಂದು ದಿನ ಬೇಕಾಯಿತು ಎಂದೆ. ವಜ್ರದ ಅಂಟು ಬಿಸಿನೀರಿಗೆ ಬೇಗ ಬಿಡುತ್ತದೆ. ಬೆಚ್ಚಗಿದ್ದರೆ ಸಾಕು, ಕುದಿಯಬಾರದು. ನೆನೆದ ಮೇಲೆ ಬಿಸಿಲಿಗೆ ಹಾಕದೆ, ಕಾಗದವಿಟ್ಟು ನೆರಳಿನಲ್ಲೇ ಒಣಗಿಸಬೇಕು, ಇಲ್ಲದಿದ್ದರೆ ವೇದಿಕೆಗೆ ಹೋಗುವ ಮೊದಲೇ ಉದುರಿಹೋಗುತ್ತದೆ ಎಂದೆ. ಪಾಠ ಹೇಳುವಾಗ ನನ್ನ ದನಿ ತರಗತಿಯಲ್ಲಿ ಇರುವುದಕ್ಕಿಂತ ಚೆನ್ನಾಗಿತ್ತು.

ಅವಳು ಎದ್ದು ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆಗೆ ನೀರು ತುಂಬಿಸಿದಳು. ನಾನು ಅಟ್ಟಣೆ ಹತ್ತಿ ಕಾಡನ್ನು ಇಳಿಸಿದೆ. ಒಬ್ಬನಿಗೆ ಭಾರವಾಗುತ್ತಿತ್ತು, ಅವಳು ಇನ್ನೊಂದು ತುದಿ ಹಿಡಿದಳು. ನೀರು ಬೆಚ್ಚಗಾಗುವವರೆಗೆ ಇಬ್ಬರೂ ಅದನ್ನು ಬಿಚ್ಚಿ ಪಡಸಾಲೆಯಲ್ಲಿ ಹರಡಿ ನೋಡಿದೆವು. ಒಂದೊಂದು ಎಲೆಗೂ ಒಂದೊಂದು ನರ. ಕಡು ಹಸಿರನ್ನು ಅತ್ತೆಯ ಮಾವ ತೆಳ್ಳಗೆ ಬಳಿದಿದ್ದರು, ದರ್ಬಾರಿನ ಚಿನ್ನದಷ್ಟು ದಪ್ಪವಿರಲಿಲ್ಲ. ತೆಳುವಾದ ಬಣ್ಣ ಹಕ್ಕಳೆಯಾಗಿ ಏಳದೆ ಬರೀ ಪುಡಿಯಾಗಿ ಸೋರಿಬಿಟ್ಟರೆ ಬಾಗೂರಿನವರು ಏನೆಂದಾರು, ಅತ್ತೆಯ ಮರ್ಯಾದೆ ಏನಾದೀತು ಎಂದು ನನಗೆ ಚಿಂತೆ ಹತ್ತಿತು.